ಮಳೆಯ ಭಾರಕ್ಕೆ ಬಂಡೆ ಕುಗ್ಗಿದ್ದನ್ನು ಕಂಡವರು

ಗಂಗಾವತಿ ಸೀಮೆಯ ಒಂದು ಎಕರೆ ಗದ್ದೆಯ ಮೇಲೆ 100 ಮಿಲಿಮೀಟರ್ ಮಳೆ ಬಿತ್ತೆಂದರೆ ಅಲ್ಲಿಗೆ ಬಂದು ಇಳಿದದ್ದು ಸುಮಾರು 400 ಟನ್ ನೀರು. ಯಲಬುರ್ಗಾದ ಎರೆ ಹೊಲವಾದರೂ ಅಷ್ಟೇ, ಕುಷ್ಟಗಿಯ ಮಸಾರಿ ಹೊಲವಾದರೂ ಅಷ್ಟೇ. ಉತ್ತರೆ, ಹಸ್ತ ಮಳೆಗಳು ಜೋರು ಹಿಡಿದ ವರ್ಷ ಒಂದೇ ವಾರದಲ್ಲಿ ಇಷ್ಟು ಬೀಳುವುದು ಕೊಪ್ಪಳ ಜಿಲ್ಲೆಗೆ ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಮೊದಲಿಗೂ ಉತ್ತರ ಕರ್ನಾಟಕದ ಮೇಲೆ ಬಿಡದೆ ಸುರಿದ ಮಳೆಯನ್ನು ಕಂಡವರು ಅದನ್ನು ಮರೆತಿಲ್ಲ. ಬಿದ್ದ ಮಣ್ಣಿನ ಮನೆಗಳು, ಕೊಚ್ಚಿಹೋದ ಬೆಳೆ, ತುಂಬಿ ಹರಿದ ಹಳ್ಳ, ಇವೆಲ್ಲ ನೆನಪಿನಲ್ಲಿವೆ. ಅಷ್ಟು ನೀರಿನ ಭಾರವನ್ನು ಕೆಳಗಿನ ಬಂಡೆ ಹೊತ್ತಿತ್ತು ಎಂಬುದು ಮಾತ್ರ ಯಾರ ಮನಸ್ಸಿಗೂ ಬರುವ ಸಂಗತಿಯಲ್ಲ.

ಹೊತ್ತಾಗ ಬಂಡೆ ನಿಜಕ್ಕೂ ಕುಗ್ಗುತ್ತದೆ. ಕುಗ್ಗುವುದು ಎಷ್ಟು ಎಂದು ಕಾಗದದ ಮೇಲೆ ಹೇಳಬಹುದು. 100 ಮಿಲಿಮೀಟರ್ ನೀರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ 10 ಹೆಕ್ಟೊಪ್ಯಾಸ್ಕಲ್. ಹವಾಮಾನದವರು ವಾಯುಭಾರ ಅಳೆಯುವ ಅದೇ ಮಾನದಲ್ಲಿ. ಗಟ್ಟಿ ಗ್ರಾನೈಟಿಗೆ ಇದರಿಂದ ಆಗುವ ಕುಗ್ಗುವಿಕೆ 100 ಕೋಟಿಯಲ್ಲಿ 20 ಪಾಲಿನಷ್ಟು. ಉದ್ದದಲ್ಲಿ ಹೀಗೆ ಆಗುವ ಪಾಲು-ಬದಲಾವಣೆಯನ್ನೇ ವಿಜ್ಞಾನಿಗಳು ಸ್ಟ್ರೇನ್ ಎನ್ನುವುದು. 100 ಕೋಟಿಯಲ್ಲಿ ಒಂದು ಪಾಲಾದರೆ ಒಂದು ನ್ಯಾನೊಸ್ಟ್ರೇನ್. ಸಾವಿರ ಕಿಲೋಮೀಟರ್ ಉದ್ದದ ಬಂಡೆ ಒಂದು ಮಿಲಿಮೀಟರ್ ಕುಗ್ಗಿದಂತೆ. ಇಷ್ಟು ಸಣ್ಣದನ್ನು ಅಳೆಯುವ ಉಪಕರಣ ಭೂಮಿಯೊಳಗೆ ಇಳಿದು ಐವತ್ತು ವರ್ಷ ದಾಟಿದೆ. ಅದನ್ನು ಇಳಿಸಿದವರು ಹುಡುಕಿ ಹೊರಟದ್ದು ಭೂಕಂಪವನ್ನು. ದಾರಿಗೆ ಅಡ್ಡ ನಿಂತದ್ದು ಮಳೆ. ಆ ಅಡ್ಡಿಯನ್ನು ಅವರು ಹೇಗೆ ಗುರುತಿಸಿದರು, ಒಮ್ಮೆ ಹೇಗೆ ಗುರುತು ತಪ್ಪಿದರು, ತಪ್ಪಿದ್ದನ್ನು ತಾವೇ ಹೇಗೆ ಸರಿಪಡಿಸಿಕೊಂಡರು ಎಂಬ ಕತೆ ನಮ್ಮ ಕಡೆಯವರಿಗೆ ಗೊತ್ತಿರಬೇಕು. 2021ರ ಮಳೆಗಾಲದ ಕೊನೆಗೆ ಕಲಬುರಗಿಯ ಹಳ್ಳಿಗಳಲ್ಲಿ ನೆಲ ಗುಡುಗಿದ ಮೇಲಂತೂ ಇದು ದೂರದ ದೇಶದ ವಿಷಯವಾಗಿ ಉಳಿದಿಲ್ಲ.

ಮೊದಲ ಸುಳಿವು ಸಿಕ್ಕಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಅದೂ ಚಂದ್ರನನ್ನು ಹುಡುಕುತ್ತಿದ್ದವರಿಗೆ. ಚಾರ್ಲ್ಸ್ ಡಾರ್ವಿನ್ನರ ಮಕ್ಕಳಾದ ಜಾರ್ಜ್ ಮತ್ತು ಹೊರೇಸ್ 1880ರಿಂದ ಎರಡು ವರ್ಷ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಒಂದು ಲೋಲಕ ತೂಗುಹಾಕಿ ಕುಳಿತರು. ಚಂದ್ರನ ಸೆಳೆತಕ್ಕೆ ಕಡಲು ಉಬ್ಬುವಂತೆ ಗಟ್ಟಿ ನೆಲವೂ ಉಬ್ಬುತ್ತದೆಯೇ ಎಂದು ನೋಡುವುದು ಅವರ ಗುರಿ. ಲೋಲಕ ಎಷ್ಟು ಸೂಕ್ಷ್ಮವಾಗಿತ್ತೆಂದರೆ ಕೋಣೆಯಲ್ಲಿ ನಿಂತವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರೂ ನೆಲ ವಾಲುವುದು ಕಾಣುತ್ತಿತ್ತು. ಅಷ್ಟು ಸೂಕ್ಷ್ಮವಾದದ್ದೇ ತೊಡಕಾಯಿತು. ನೆಲ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಚಂದ್ರನ ಗುರುತು ಆ ಗದ್ದಲದಲ್ಲಿ ಕಳೆದುಹೋಯಿತು. ಸೋದರರು ಪ್ರಯೋಗ ಕೈಬಿಟ್ಟರು. ಜಾರ್ಜ್ ಮಾತ್ರ ಬರಿಗೈಯಲ್ಲಿ ಏಳಲಿಲ್ಲ. ಗಾಳಿಯ ಭಾರ ಏರಿ ಇಳಿದಾಗ ನೆಲ ಎಷ್ಟು ತಗ್ಗಿ ಏಳಬೇಕು ಎಂದು 1882ರಲ್ಲಿ ಲೆಕ್ಕ ಹಾಕಿದರು. ಉತ್ತರ ಸೆಂಟಿಮೀಟರುಗಳಲ್ಲಿ ಬಂತು. ಗಾಳಿಯ ಭಾರಕ್ಕೇ ನೆಲ ಹೀಗೆ ಬಾಗುವುದಾದರೆ ನೀರಿನ ಭಾರಕ್ಕೆ ಕೇಳುವುದೇ ಬೇಡ. ಚಂದ್ರನ ಸೆಳೆತಕ್ಕೆ ನೆಲ ಉಬ್ಬುವುದನ್ನು ಮುಂದೆ ಬೇರೆಯವರು ಅಳೆದರು. ಆ ಕತೆ ಬೇರೆ.

ಇನ್ನು ಉಪಕರಣದ ಮಾತು. ಅದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಕಡೆ ಬೋರ್ ಕೊರೆಯುವುದನ್ನು ನೋಡದವರಿಲ್ಲ. ರಿಗ್ ಲಾರಿ ಹೊಲದ ಬದುವಿಗೆ ಬಂದು ನಿಲ್ಲುತ್ತದೆ. ಮೊದಲು ಮಣ್ಣು, ಆಮೇಲೆ ಗರಸು. ಅಲ್ಲಿಯವರೆಗೆ ಕೇಸಿಂಗ್ ಪೈಪು. ಮುಂದೆ ಬಿಳಿ ಧೂಳು ಹಾರತೊಡಗಿದರೆ ಗಟ್ಟಿ ಕಲ್ಲು ಸಿಕ್ಕಿತೆಂದು ಅರ್ಥ. ಎಲ್ಲಿಯೋ ಒಂದು ಕಡೆ ಗ್ಯಾಪ್ ಸಿಕ್ಕಿದರೆ ಧೂಳು ಕೆಸರಾಗುತ್ತದೆ, ನಿಂತವರ ಮುಖ ಅರಳುತ್ತದೆ. ಗ್ಯಾಪ್ ಎಂದರೆ ಬಂಡೆಯೊಳಗಿನ ಸೀಳು, ನೀರಿರುವುದು ಅಲ್ಲೇ.

ಸ್ಟ್ರೇನ್ ಅಳೆಯುವವರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಅವರೂ ಇದೇ ತರಹ ಬೋರ್ ಕೊರೆಸುತ್ತಾರೆ, ಇನ್ನೂರು ಮೀಟರ್ ಆಳದವರೆಗೂ ಹೋಗುತ್ತಾರೆ, ಆದರೆ ಸೀಳಿಲ್ಲದ ಒಣ ಕಲ್ಲು ಸಿಕ್ಕಿತೆಂದರೆ ಅವರ ಮುಖ ಅರಳುತ್ತದೆ. ಅಲ್ಲಿಗೆ ಸ್ಟೇನ್‌ಲೆಸ್ ಸ್ಟೀಲಿನ ಒಂದು ಉದ್ದನೆಯ ಸಿಲಿಂಡರ್ ಇಳಿಬಿಟ್ಟು, ಗಟ್ಟಿಯಾಗುವಾಗ ಉಬ್ಬುವ ಸಿಮೆಂಟ್ ಸುತ್ತ ಸುರಿದು, ಅದು ಬಂಡೆಯ ಒಂದು ಭಾಗವೇ ಆಗುವಂತೆ ಬಿಗಿದುಬಿಡುತ್ತಾರೆ. ಮತ್ತೆ ಮೇಲೆತ್ತುವ ಮಾತಿಲ್ಲ. ಸಿಲಿಂಡರಿನ ತುಂಬ ಸಿಲಿಕೋನ್ ಎಣ್ಣೆ. ಬಂಡೆ ಹಿಸುಕಿದರೆ ಎಣ್ಣೆ ಒಂದು ಸಣ್ಣ ಕೊಳವೆಯಲ್ಲಿ ಮೇಲೇರಿ ಮಡಿಕೆ ಮಡಿಕೆಯ ಲೋಹದ ತಿದಿಯನ್ನು ಉಬ್ಬಿಸುತ್ತದೆ. ಬಂಡೆ ಸಡಿಲಿದರೆ ಎಣ್ಣೆ ಹಿಂದಕ್ಕೆ ಇಳಿಯುತ್ತದೆ. ತಿದಿ ಕದಲಿದ್ದನ್ನು ವಿದ್ಯುತ್ ಸಂಕೇತ ಮೇಲಕ್ಕೆ ಕಳಿಸುತ್ತದೆ. ಒಂದು ನ್ಯಾನೊಸ್ಟ್ರೇನಿನ ನೂರರಲ್ಲಿ ಒಂದು ಪಾಲು ಬದಲಾದರೂ ಇದಕ್ಕೆ ತಿಳಿಯುತ್ತದೆ. ಅಮೆರಿಕದ ಕಾರ್ನೆಗಿ ಸಂಸ್ಥೆಯ ಸೆಲ್ವಿನ್ ಸ್ಯಾಕ್ಸ್ ಮತ್ತು ಅವರ ಜೊತೆಗಾರ ಡೇಲ್ ಎವರ್ಟ್‌ಸನ್ ಇದನ್ನು ರೂಪಿಸಿದರು. ಜಪಾನಿನಲ್ಲಿ ಇದನ್ನು ನೆಲದೊಳಗೆ ಕೂರಿಸಿದ ವರದಿ 1971ರಲ್ಲಿ ಹೊರಬಂತು. ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿದೆ.

ಜಪಾನಿಗೆ ಇದು ಆಟಿಕೆಯಾಗಿರಲಿಲ್ಲ. ಟೋಕಿಯೊದ ನೈರುತ್ಯಕ್ಕಿರುವ ತೊಕಾಯ್ ತೀರದಲ್ಲಿ ದೊಡ್ಡ ಭೂಕಂಪ ಬರಲಿದೆ, ಬರುವ ಮೊದಲು ನೆಲದಾಳದ ಬಂಡೆ ನಿಧಾನವಾಗಿ ಜಾರಿ ಸೂಚನೆ ಕೊಡಬಹುದು ಎಂಬ ಆಸೆಯಿಂದ ಅಲ್ಲಿನ ಹವಾಮಾನ ಸಂಸ್ಥೆ 1976ರಿಂದ ಈ ಉಪಕರಣಗಳನ್ನು ಸಾಲಾಗಿ ನೆಟ್ಟಿತು. ಹಗಲೂ ರಾತ್ರಿ ಅವುಗಳ ಗೆರೆ ನೋಡುತ್ತ ಕುಳಿತವರಿಗೆ ಮಳೆಗಾಲದ ಕಷ್ಟ ಮೊದಲ ವರ್ಷಗಳಲ್ಲೇ ತಿಳಿಯಿತು. ಗೆರೆ ಮೆಲ್ಲಗೆ ಬಾಗಿದರೆ ಕೆಳಗೆ ಬಂಡೆ ಜಾರುತ್ತಿದೆಯೋ, ಮೇಲೆ ಮಳೆ ಬಂದಿದೆಯೋ? ಚಂದ್ರನ ಸೆಳೆತ ಹೊತ್ತಿಗೆ ಸರಿಯಾಗಿ ಬಂದು ಹೋಗುತ್ತದೆ; ಪಂಚಾಂಗದಂತೆ ಮುಂಚೆಯೇ ಲೆಕ್ಕ ಹಾಕಿ ತೆಗೆಯಬಹುದು. ಗಾಳಿಯ ಭಾರ ಬದಲಾದರೆ ಬಂಡೆ ಆ ಕ್ಷಣವೇ ಬದಲಾಗುತ್ತದೆ. ಪಕ್ಕದಲ್ಲಿ ಒಂದು ಬ್ಯಾರೊಮೀಟರ್ ಇದ್ದರೆ ಅದನ್ನೂ ಕಳೆಯಬಹುದು. ಮಳೆ ಹಾಗಲ್ಲ. ಬಿದ್ದ ಕ್ಷಣ ಭಾರವಾಗಿ ಕೂರುತ್ತದೆ. ಸ್ವಲ್ಪ ಹರಿದುಹೋಗುತ್ತದೆ, ಸ್ವಲ್ಪ ಇಂಗುತ್ತದೆ. ಇಂಗಿದ್ದು ಗಂಟೆ, ದಿನ, ವಾರಗಳ ಮೇಲೆ ಬಂಡೆಯ ಸೀಳುಗಳಿಗೆ ಇಳಿದು ಅಲ್ಲಿನ ಒತ್ತಡ ಬದಲಿಸುತ್ತದೆ. ಮಳೆ ನಿಂತು ಬಿಸಿಲು ಬಂದ ಮೇಲೂ ಗೆರೆ ಬಾಗುತ್ತಲೇ ಇರುತ್ತದೆ. ಹಿಂದಿನ ವಾರ ನೆಲ ಒಣಗಿತ್ತೋ ನೆನೆದಿತ್ತೋ ಎಂಬುದರ ಮೇಲೆ ಇವತ್ತಿನ ಮಳೆಯ ಪರಿಣಾಮ ಬೇರೆಯಾಗುತ್ತದೆ. ಬಿತ್ತನೆ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಣ ನೆಲಕ್ಕೆ ಬಿದ್ದ ಮೊದಲ ಮಳೆಯೂ ಹಸಿ ನೆಲಕ್ಕೆ ಬಿದ್ದ ಮೂರನೆಯ ಮಳೆಯೂ ಒಂದೇ ಅಲ್ಲ.

ಜಪಾನಿಗರು ಇದಕ್ಕೊಂದು ಉಪಾಯ ಎರವಲು ತಂದರು. ಮಸಾಮಿ ಸುಗವಾರಾ ಎಂಬ ಜಲವಿಜ್ಞಾನಿ ನದಿಯ ಪ್ರವಾಹ ಅಂದಾಜಿಸಲು ಒಂದು ಸರಳ ಲೆಕ್ಕ ಕಟ್ಟಿದ್ದರು. ಒಂದರ ಕೆಳಗೊಂದು ತೊಟ್ಟಿಗಳು. ಪ್ರತಿಯೊಂದರ ತಳದಲ್ಲಿ ಒಂದು ತೂತು, ಪಕ್ಕದಲ್ಲಿ ಇನ್ನೊಂದು. ಮಳೆ ಮೇಲಿನ ತೊಟ್ಟಿಗೆ ಬೀಳುತ್ತದೆ, ಪಕ್ಕದ ತೂತಿನಿಂದ ಹೊರಟದ್ದು ಹಳ್ಳ ಸೇರುತ್ತದೆ, ತಳದ ತೂತಿನಿಂದ ಇಳಿದದ್ದು ಕೆಳಗಿನ ತೊಟ್ಟಿಗೆ. ತೂತುಗಳ ಗಾತ್ರ ಹೊಂದಿಸುತ್ತ ಹೋದರೆ ನಿಜವಾದ ನೆಲದ ನಡೆಗೆ ಹತ್ತಿರ ಬರುತ್ತದೆ. ನದಿಗೆಂದು ಮಾಡಿದ ಈ ಲೆಕ್ಕವನ್ನು ಬಂಡೆಯ ಕುಗ್ಗುವಿಕೆಗೆ ಹೊಂದಿಸಿ, ಮಳೆಯ ಪಾಲನ್ನು ಕಳೆಯತೊಡಗಿದರು.

ಅದಕ್ಕಿಂತ ಚೊಕ್ಕ ದಾರಿ ತೋರಿಸಿದವರು ಸಂಖ್ಯಾಶಾಸ್ತ್ರಜ್ಞ ಗೆನ್ಶಿರೊ ಕಿಟಗಾವಾ. ನೊರಿಯೊ ಮಾತ್ಸುಮೊಟೊ ಅವರ ಜೊತೆ ಸೇರಿ ತೊಕಾಯ್ ಪ್ರದೇಶದ ಹೈಬಾರಾ ಎಂಬಲ್ಲಿನ ಒಂದು ವೀಕ್ಷಣಾ ಬಾವಿಯ ನೀರಿನ ಮಟ್ಟವನ್ನು ಎತ್ತಿಕೊಂಡರು. ವರ್ಷಗಟ್ಟಲೆಯ ಅಳತೆಯ ರಾಶಿ. ಅದರಿಂದ ಗಾಳಿಯ ಭಾರದ ಪಾಲು, ಚಂದ್ರ-ಸೂರ್ಯರ ಸೆಳೆತದ ಪಾಲು, ಮಳೆಯ ಪಾಲು, ಒಂದೊಂದನ್ನೂ ಬೇರ್ಪಡಿಸಿ ತೆಗೆದರು. 1996ರಲ್ಲಿ ಪ್ರಕಟವಾದ ಅವರ ಫಲಿತಾಂಶ ನನಗೆ ಬಹಳ ಹಿಡಿಸಿದ್ದು ಇದಕ್ಕೆ: ಕಚ್ಚಾ ಗೆರೆಯಲ್ಲಿ ಕಣ್ಣಿಗೆ ಬೀಳದೇ ಇದ್ದ ಎಷ್ಟೋ ಭೂಕಂಪಗಳು, ಮಳೆಯನ್ನು ತೆಗೆದ ಮೇಲೆ, ನೀರಿನ ಮಟ್ಟ ತಟ್ಟನೆ ಇಳಿದ ಮೆಟ್ಟಿಲುಗಳಾಗಿ ಎದ್ದು ಕಂಡವು. ಮಳೆಯನ್ನು ಅಲಕ್ಷಿಸಿದ್ದರೆ ಆ ಬಾವಿ ಇಷ್ಟನ್ನು ಹೇಳುತ್ತಿರಲಿಲ್ಲ.

ಈಗ ತೈವಾನ್.

ತೈವಾನಿನ ಪೂರ್ವ ಅಂಚಿನಲ್ಲಿ ಎರಡು ಭೂಫಲಕಗಳು ಒಂದನ್ನೊಂದು ಒತ್ತುತ್ತಿವೆ. ಕಡಲ ಪಕ್ಕದ ಬೆಟ್ಟಸಾಲಿಗೂ ಒಳನಾಡಿಗೂ ನಡುವಿನ ಉದ್ದ ಕಣಿವೆ ವರ್ಷಕ್ಕೆ ಸುಮಾರು 30 ಮಿಲಿಮೀಟರ್ ಕಿರಿದಾಗುತ್ತಿದೆ. 2003ರಿಂದ ಅಲ್ಲಿ ಸ್ಯಾಕ್ಸ್-ಎವರ್ಟ್‌ಸನ್ ಉಪಕರಣಗಳನ್ನು ಇಳಿಸಲಾಯಿತು. ಚಿ-ಚಿಂಗ್ ಲಿಯು, ಅಲನ್ ಲಿಂಡ್ ಮತ್ತು ಸ್ವತಃ ಸ್ಯಾಕ್ಸ್ ಕೆಲವು ವರ್ಷಗಳ ಗೆರೆಗಳನ್ನು ಓದಿದರು. ನೆಲ ನಡುಗಲಿಲ್ಲ, ಯಾರಿಗೂ ಏನೂ ಅನ್ನಿಸಲಿಲ್ಲ, ಆದರೂ ಗೆರೆಗಳು ಕೆಲವು ಗಂಟೆ ಕಾಲ, ಕೆಲವೊಮ್ಮೆ ಒಂದು ದಿನಕ್ಕೂ ಮೇಲೆ, ಸೊಟ್ಟಗೆ ಹೋಗಿ ಮತ್ತೆ ನೆಟ್ಟಗಾಗುತ್ತಿದ್ದವು. ಕ್ಷಣಗಳಲ್ಲಿ ಸಿಡಿಯುವ ಬದಲು ಗಂಟೆಗಟ್ಟಲೆ ಜಾರುವ ಇಂಥ ಚಲನೆಗೆ ನಿಧಾನ ಭೂಕಂಪ ಎನ್ನುತ್ತಾರೆ. ಅವರ ಎಣಿಕೆಗೆ 20 ಸಿಕ್ಕವು. ಅವುಗಳಲ್ಲಿ 11 ಚಂಡಮಾರುತ ಹಾದುಹೋದ ದಿನಗಳಂದೇ ಆಗಿದ್ದವು.

ಇದು ಕಾಕತಾಳೀಯ ಆಗಲಾರದು ಎಂದು ಅವರು ತೋರಿಸಿದರು. ಕಾರಣವನ್ನೂ ಕೊಟ್ಟರು. ಚಂಡಮಾರುತ ಬಂದಾಗ ಗಾಳಿಯ ಭಾರ ಇಳಿಯುತ್ತದೆ. ನೆಲದ ಕಡೆ ಆ ಇಳಿತ ಬಂಡೆಗೆ ನೇರ ತಟ್ಟುತ್ತದೆ. ಕಡಲಿನ ಕಡೆ ಹಾಗಾಗುವುದಿಲ್ಲ. ಗಾಳಿಯ ಭಾರ ಇಳಿದಲ್ಲಿ ಕಡಲ ನೀರು ಅಷ್ಟೇ ಏರಿ ನಿಂತು ಸರಿದೂಗಿಸುತ್ತದೆ. ಹೀಗೆ ಬಿರುಕಿನ ಒಂದು ಮಗ್ಗುಲು ಹಗುರಾಗಿ, ಇನ್ನೊಂದು ಮಗ್ಗುಲು ಇದ್ದಂತೇ ಇದ್ದು, ಜಾರಲು ತುದಿಗಾಲಲ್ಲಿ ನಿಂತಿದ್ದ ಬಂಡೆ ಜಾರುತ್ತದೆ. ಅಲ್ಲಿ ಒತ್ತಡ ಅಷ್ಟು ಇದ್ದೂ ಮಹಾ ಭೂಕಂಪಗಳು ಯಾಕೆ ವಿರಳ ಎಂಬುದಕ್ಕೂ ಉತ್ತರ ಸಿಕ್ಕಂತಾಯಿತು: ಚಂಡಮಾರುತಗಳು ಒತ್ತಡವನ್ನು ಕಂತಿನಲ್ಲಿ ತೀರಿಸುತ್ತಿವೆ. 2009ರ ಜೂನ್‌ನಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು, ಜಗತ್ತಿನ ಪತ್ರಿಕೆಗಳೆಲ್ಲ ಎತ್ತಿಕೊಂಡವು. ಆಕಾಶದ ಬಿರುಗಾಳಿ ಪಾತಾಳದ ಬಂಡೆಯನ್ನು ಜಾರಿಸುತ್ತದೆ ಎಂದರೆ ಯಾರಿಗೆ ರೋಮಾಂಚನವಾಗದು?

ಮಳೆಯ ಬಗ್ಗೆ ಅವರು ಯೋಚಿಸಿರಲಿಲ್ಲ ಎಂದಲ್ಲ. ಯೋಚಿಸಿಯೇ ಪಕ್ಕಕ್ಕಿಟ್ಟಿದ್ದರು. ಭಾರಿ ಮಳೆ ತಂದ ಒಂದು ಚಂಡಮಾರುತದ ಗೆರೆಯನ್ನು ನೋಡಿದಾಗ ಅದು ಗಾಳಿಯ ಭಾರದ ಏರಿಳಿತವನ್ನು ಮಾತ್ರ ಹಿಂಬಾಲಿಸಿತ್ತು, ಮಳೆಯ ಗುರುತೇ ಇರಲಿಲ್ಲ. ಅಂಥ ಮಳೆಗೂ ಜಗ್ಗದ ಉಪಕರಣ ಬೇರೆ ಮಳೆಗೆ ಯಾಕೆ ಜಗ್ಗೀತು? ಈ ತರ್ಕದಲ್ಲಿ ಮೇಲುನೋಟಕ್ಕೆ ಕುಂದಿಲ್ಲ.

ಲೇಖನ ಬಂದ ಎರಡೇ ತಿಂಗಳಿಗೆ, ಆಗಸ್ಟ್‌ನಲ್ಲಿ, ಮೊರಾಕೋಟ್ ಚಂಡಮಾರುತ ತೈವಾನಿಗೆ ಬಡಿಯಿತು. ಅಲಿಶಾನ್ ಬೆಟ್ಟದ ಮಳೆಮಾಪಕದಲ್ಲಿ ಕೆಲವೇ ದಿನಗಳಲ್ಲಿ 2,700 ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಯಿತು. ಕೊಪ್ಪಳ ಜಿಲ್ಲೆಯಲ್ಲಿ ಅಷ್ಟು ಮಳೆಯಾಗಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಹಳ್ಳಿಗೆ ಹಳ್ಳಿಯೇ ಮಣ್ಣಿನಡಿ ಹೂತುಹೋದ ದುರಂತ ಅದು. ಇಂಥ ಮಳೆ ಬೀಳುವ ದ್ವೀಪದಲ್ಲಿ ಮಳೆಯ ಪಾಲನ್ನು ಒಂದೇ ಉದಾಹರಣೆ ನೋಡಿ ಪಕ್ಕಕ್ಕಿಡಬಹುದೇ ಎಂಬ ಪ್ರಶ್ನೆ ಉಳಿದೇ ಇತ್ತು.

ಉತ್ತರ ಬಂದದ್ದು 2015ರಲ್ಲಿ. ತೈವಾನಿನ ಯಾ-ಜು ಶು ಮುಂದಾಳತ್ವದಲ್ಲಿ ಮತ್ತೊಂದು ಲೇಖನ ಹೊರಬಂತು. ಬರೆದವರ ಪಟ್ಟಿಯಲ್ಲಿ ಲಿಯು ಇದ್ದರು, ಲಿಂಡ್ ಇದ್ದರು, ಸ್ಯಾಕ್ಸ್ ಇದ್ದರು. ಹೈಬಾರಾ ಬಾವಿಯ ಗೆರೆಯಿಂದ ಮಳೆಯನ್ನು ಬೇರ್ಪಡಿಸಿದ್ದ ಕಿಟಗಾವಾ ಕೂಡ ಇದ್ದರು. ತಮ್ಮ ಹೆಸರಾದ ಫಲಿತಾಂಶವನ್ನು ಮತ್ತೆ ಒರೆಗೆ ಹಚ್ಚಲು ತಾವೇ ಕೈಜೋಡಿಸಿದ ಈ ಹಿರಿಯರ ಬಗ್ಗೆ ನನಗೆ ಗೌರವ ಹುಟ್ಟುವುದು ಇಲ್ಲಿ. ಆರು ವರ್ಷದಲ್ಲಿ ಅಳತೆಗಳು ಬೆಳೆದಿದ್ದವು, ಉಪಕರಣಗಳು ನಾಲ್ಕಾಗಿದ್ದವು. ಒಂದು ಚಂಡಮಾರುತವನ್ನು ನೋಡಿ ತೀರ್ಮಾನಿಸುವ ಬದಲು ಎಲ್ಲವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡರು.

ಸಿಕ್ಕ ಸಂಖ್ಯೆಗಳನ್ನು ಹಾಗೇ ಮುಂದಿಡುತ್ತೇನೆ. ಗಾಳಿಯ ಭಾರ ಒಂದು ಹೆಕ್ಟೊಪ್ಯಾಸ್ಕಲ್ ಏರಿದರೆ ಬಂಡೆ 1ರಿಂದ 3 ನ್ಯಾನೊಸ್ಟ್ರೇನ್ ಕುಗ್ಗುತ್ತದೆ; ಇದು ಜಾಗದಿಂದ ಜಾಗಕ್ಕೆ ಬೇರೆ. ಅಂತರ್ಜಲದ ಮಟ್ಟದಿಂದ ಅಷ್ಟೇ ಒತ್ತಡ ಏರಿದರೆ ಕುಗ್ಗುವುದು 0.3ರಿಂದ 1 ನ್ಯಾನೊಸ್ಟ್ರೇನ್. ಒತ್ತಿದಷ್ಟಕ್ಕೆ ತಕ್ಕಂತೆ ಕುಗ್ಗುತ್ತದೆ ಎನ್ನುವ ಪಠ್ಯಪುಸ್ತಕದ ಹುಕ್ ನಿಯಮಕ್ಕೆ ಎರಡೂ ಹೊಂದುತ್ತವೆ. ಮಳೆಗೆ ಬಂದ ಉತ್ತರ ಮಾತ್ರ 5.1. ಅಂದರೆ 10 ಮಿಲಿಮೀಟರ್ ಮಳೆಗೆ 5 ನ್ಯಾನೊಸ್ಟ್ರೇನ್, 100 ಮಿಲಿಮೀಟರಿಗೆ ಸುಮಾರು 50. ಗಾಳಿ ಒತ್ತಿದರೂ ಮಳೆನೀರು ಒತ್ತಿದರೂ ಬಂಡೆಗೆ ಭಾರ ಭಾರವೇ. ಹಾಗಿದ್ದರೆ ಅಷ್ಟೇ ಭಾರದ ಮಳೆ ಗಾಳಿಗಿಂತ ಇಮ್ಮಡಿ, ಕೆಲವೆಡೆ ಐದು ಪಟ್ಟು ಯಾಕೆ ಕುಗ್ಗಿಸಬೇಕು? ಗಾಳಿ ಮೇಲಷ್ಟೇ ಒತ್ತುತ್ತದೆ, ಮಳೆ ಒಳಗೆ ಇಳಿಯುತ್ತದೆ. ಇಂಗಿದ ನೀರು ಬಂಡೆಯ ಸಂದುಗಳಲ್ಲಿನ ಒತ್ತಡವನ್ನು ಬದಲಿಸುವುದರಿಂದ ಹುಟ್ಟುವ ಹೆಚ್ಚುವರಿ ಸ್ಟ್ರೇನ್ ಇದರಲ್ಲಿ ಸೇರಿರಬಹುದು ಎಂದು ಅವರು ಬರೆದರು.

ಚಂದ್ರನನ್ನು, ಗಾಳಿಯನ್ನು, ಮಳೆಯನ್ನು ಕಳೆದು ಉಳಿದ ಗೆರೆಯನ್ನು ನೋಡಿದಾಗ, ನಿಧಾನ ಭೂಕಂಪವೆಂದು ಎಣಿಸಿದ್ದವುಗಳಲ್ಲಿ ಹೆಚ್ಚಿನವು ಕರಗಿಹೋದವು. ಅವು ಮಳೆ-ಗಾಳಿಗಳ ಕೆಲಸ. ಕೆಲವು ಮಾತ್ರ ಏನು ಕಳೆದರೂ ಉಳಿದವು. ಕುಗ್ಗುತ್ತಿದ್ದ ಬಂಡೆ ನಡುವೆಯೇ ಹಿಗ್ಗತೊಡಗಿದ ಅಂಥ ಘಟನೆಗಳನ್ನು ಮಳೆಯಿಂದ ವಿವರಿಸಲಾಗದು, ಅವು ನಿಜವಾದ ಜಾರುವಿಕೆ ಇರಬೇಕು. ಚಂಡಮಾರುತವೇ ಜಾರಿಸುತ್ತದೆ ಎಂಬ ವಾದ 2009ರಲ್ಲಿ ಇದ್ದಷ್ಟು ಗಟ್ಟಿಯಾಗಿ ಈಗ ಇಲ್ಲ ಎಂದು ಅವರೇ ಒಪ್ಪಿದರು. ಕೆಲವು ಚಂಡಮಾರುತಗಳಲ್ಲಿ ಮಳೆಯ ಪ್ರಭಾವ ಯಾಕೆ ಅಷ್ಟು ಕಡಿಮೆ ಎಂಬ ಪ್ರಶ್ನೆಯನ್ನು ಬಿಡಿಸಲಾಗಿಲ್ಲ ಎಂದೂ ಬರೆದರು. ಮೊದಲ ತೀರ್ಮಾನದ ದಾರಿ ತಪ್ಪಿಸಿದ್ದು ಅಂಥದೇ ಒಂದು ಚಂಡಮಾರುತ.

ನೀರು ಇಳಿಯುವುದು ಎಂದೆ. ಅದು ಎಲ್ಲಿಗೆ, ಹೇಗೆ ಇಳಿಯುತ್ತದೆ ಎಂಬುದು ಕಲ್ಲಿನ ಜಾಯಮಾನಕ್ಕೆ ಬಿಟ್ಟದ್ದು. ಗಂಗಾವತಿ, ಆನೆಗೊಂದಿ ಕಡೆಯ ಗ್ರಾನೈಟ್ ಬೆಟ್ಟಗಳನ್ನು ನೋಡಿ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಮೇಲಿದ್ದ ಹೊರೆ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಂತೆ ಕಲ್ಲು ಹಿಗ್ಗಿ, ನೆಲಕ್ಕೆ ಸಮನಾಗಿ ಪದರು ಪದರಾಗಿ ಬಿಟ್ಟಿದೆ. ಹಿರೇಬೆಣಕಲ್ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಜನ ಕಲ್ಲುಮನೆಗಳಂಥ ನೂರಾರು ಸಮಾಧಿಗಳನ್ನು ಕಟ್ಟಲು ಸಾಧ್ಯವಾದದ್ದು ಇಂಥ ಪದರುಗಳಿಂದಲೇ. ಚಪ್ಪಡಿ ಅಲ್ಲೇ ಸಿದ್ಧವಿತ್ತು. ಗಟ್ಟಿ ಗ್ರಾನೈಟಿನ ಒಡಲಲ್ಲಿ ನೀರಿಗೆ ಎಡೆಯಿಲ್ಲ. ನೀರು ಓಡಾಡುವುದು ಈ ಪದರುಗಳ ಸಂದಿನಲ್ಲಿ, ನಿಂತ ಸೀಳುಗಳಲ್ಲಿ. ಅದಕ್ಕೇ ಒಂದು ಹೊಲದಲ್ಲಿ ಮೂರು ಇಂಚು ನೀರು ಸಿಕ್ಕು ಪಕ್ಕದ ಹೊಲದಲ್ಲಿ ಬರಿ ಧೂಳು ಹಾರುವುದು. ಇಂಥ ಬಂಡೆಯಲ್ಲಿ ಮಳೆಯ ಗುರುತು ಒಂದೇ ಸಮ ಹರಡುವುದಿಲ್ಲ; ಸೀಳಿನ ಬಳಿ ಕೂತ ಉಪಕರಣ ಒಂದು ಹೇಳುತ್ತದೆ, ದೂರ ಕೂತದ್ದು ಇನ್ನೊಂದು.

ಇನ್ನು 2021. ಹಸ್ತ ಮುಗಿದು ಚಿತ್ತೆ ಮಳೆ ಹೊಕ್ಕ ಹೊತ್ತು. ಕಲಬುರಗಿ ಜಿಲ್ಲೆಯ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲದೊಳಗಿಂದ ಸದ್ದು, ಅದರ ಬೆನ್ನಿಗೇ ನಡುಕ. ಅಕ್ಟೋಬರ್ 11ರ ರಾತ್ರಿಯದರ ತೀವ್ರತೆ 4.1ರಷ್ಟಿತ್ತು. ಜನ ಮನೆಬಿಟ್ಟು ಹೊರಗೆ ಮಲಗಿದರು, ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟವು. ಅದನ್ನು ಸುಮ್ಮನೆ ಹೆದರಿಕೆ ಎನ್ನಲು ಬಾಯಿ ಬರುವುದಿಲ್ಲ. ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪಕ್ಕೆ ಸುಮಾರು ಹತ್ತು ಸಾವಿರ ಜನ ಸತ್ತದ್ದು ಆ ಭಾಗದ ಹಿರಿಯರಿಗೆ ನಿನ್ನೆ ಮೊನ್ನೆಯ ಮಾತು. ಅದೇ 2021ರ ನವೆಂಬರಿನಲ್ಲಿ ಚಿಕ್ಕಬಳ್ಳಾಪುರದ ಕಡೆ ಭಾರಿ ಮಳೆಯಾಗಿ ಕೆರೆಗಳು ಕೋಡಿ ಬಿದ್ದವು. ಡಿಸೆಂಬರ್ 22ರ ಬೆಳಗ್ಗೆ ಏಳರ ನಂತರ ಅಲ್ಲಿ 2.9 ಮತ್ತು 3.0ರ ಎರಡು ಕಂಪನಗಳಾದವು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಮಳೆಗಾಲದ ನಂತರದ ಇಂಥ ಕಂಪನಗಳಿಗೆ ಕೊಟ್ಟ ವಿವರಣೆ ಹೈಡ್ರೊಸೈಸ್ಮಿಸಿಟಿ: ಇಂಗಿದ ಮಳೆನೀರು ಸೀಳುಗಳೊಳಗಿನ ಒತ್ತಡ ಏರಿಸಿ, ಮೊದಲೇ ಬಿಗಿದು ನಿಂತ ಬಂಡೆಯನ್ನು ಕದಲಿಸುತ್ತದೆ. ಅಮೆರಿಕದ ಜಾನ್ ಕಾಸ್ಟೇನ್ ಮತ್ತು ಸಂಗಡಿಗರು 1987ರಲ್ಲಿ ಮುಂದಿಟ್ಟ ಊಹೆ ಇದು.

ಊಹೆಗೆ ಬಲವಾದ ಸಾಕ್ಷಿ ಜರ್ಮನಿಯ ಹೋಖ್‌ಸ್ಟೌಫೆನ್ ಬೆಟ್ಟದಿಂದ ಬಂದಿದೆ. 2002ರಲ್ಲಿ ಅಲ್ಲಿ ಸಾವಿರಕ್ಕೂ ಹೆಚ್ಚು ಸಣ್ಣ ಕಂಪನಗಳು ದಾಖಲಾದವು. ಮಳೆಯ ಲೆಕ್ಕವನ್ನೂ ಕಂಪನದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು, ನೀರಿನ ಒತ್ತಡ ಆಳಕ್ಕೆ ಹರಡಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿ, 2006ರಲ್ಲಿ ಸೆಬಾಸ್ಟಿಯನ್ ಹೈನ್‌ಜ್ಲ್ ಮತ್ತು ಟೋನಿ ಕ್ರಾಫ್ಟ್ ಮುಂತಾದವರು ಎರಡಕ್ಕೂ ಇರುವ ನಂಟನ್ನು ತೋರಿಸಿದರು. ಹಿಮಾಲಯದಲ್ಲಿ ಮಳೆಯ ಭಾರ ಬೇರೆ ರೀತಿ ಕೆಲಸ ಮಾಡುತ್ತದೆ: ಮುಂಗಾರಿನ ನೀರು ಗಂಗಾ ಬಯಲನ್ನು ತಗ್ಗಿಸಿದಾಗ ನೇಪಾಳದ ಸಣ್ಣ ಕಂಪನಗಳು ಕಡಿಮೆಯಾಗಿ, ಚಳಿಗಾಲದಲ್ಲಿ ಭಾರ ಇಳಿದಾಗ ಹೆಚ್ಚುತ್ತವೆ. ಒಂದೇ ಮಳೆ ಒಂದು ಕಡೆ ಬಂಡೆಯನ್ನು ಕದಲಿಸೀತು, ಇನ್ನೊಂದು ಕಡೆ ಹಿಡಿದಿಟ್ಟೀತು. ಹೀಗಿರುವಾಗ ಮಳೆಯಾದ ಮೇಲೆ ನೆಲ ನಡುಗಿತು ಎಂದ ಮಾತ್ರಕ್ಕೆ ಮಳೆಯಿಂದಲೇ ನಡುಗಿತು ಎಂದು ಹೇಳಿಬಿಟ್ಟರೆ ಸಾಲದು. ಹೋಖ್‌ಸ್ಟೌಫೆನ್‌ನಲ್ಲಿ ಮಾಡಿದಂಥ ಲೆಕ್ಕ ಇಲ್ಲಿಯದೂ ಆಗಬೇಕು. ಇಲ್ಲದಿದ್ದರೆ ಗಡಿಕೇಶ್ವಾರದ ಜನಕ್ಕೆ ನಾವು ಕೊಡುವ ಸಮಾಧಾನಕ್ಕೆ ಬುಡವಿರುವುದಿಲ್ಲ.

ಬಂಡೆಯ ಸದ್ದಿಗೆ ಕಿವಿಗೊಡುವುದು ಕರ್ನಾಟಕಕ್ಕೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಸಿಡಿಯುವುದರ ಬಗ್ಗೆ ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1904ರಷ್ಟು ಹಿಂದೆಯೇ ವರದಿ ಬರೆದಿದ್ದರು. ಗೌರಿಬಿದನೂರಿನಲ್ಲಿ ದೂರದೇಶದ ಅಣುಸ್ಫೋಟಗಳನ್ನೂ ಹಿಡಿಯಬಲ್ಲ ಕಂಪನಮಾಪಕಗಳ ಸಾಲು 1965ರಿಂದ ಇದೆ. ಕೆಜಿಎಫ್‌ನಲ್ಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ ಹುಟ್ಟಿತು. 2001ರಲ್ಲಿ ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಮೂರು ಕಿಲೋಮೀಟರ್ ಆಳದ ಆ ಸುರಂಗಗಳಲ್ಲಿ ನೀರು ಏರಿತು, ಬಂಡೆಯ ಸಿಡಿತ ಮಾತ್ರ ಪೂರ್ತಿ ನಿಲ್ಲಲಿಲ್ಲ.

ನಮ್ಮ ಕೊಪ್ಪಳ ಜಿಲ್ಲೆಗೆ ಎಟುಕುವ ದಾರಿಯೊಂದನ್ನು ಮಹಾರಾಷ್ಟ್ರದ ಕೊಯ್ನಾ ತೋರಿಸಿದೆ. 1967ರ ಡಿಸೆಂಬರಿನಲ್ಲಿ ಅಲ್ಲಿ ಜಲಾಶಯದ ನೀರಿಗೆ ಸಂಬಂಧಿಸಿದ 6.3ರ ಭೂಕಂಪವಾದದ್ದು ಪ್ರಸಿದ್ಧ. 1990ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಆರ್. ಕೆ. ಚಡ್ಢಾ ಮತ್ತು ಸಂಗಡಿಗರು ಕೊಯ್ನಾ-ವಾರ್ಣಾ ಸುತ್ತ ಇಪ್ಪತ್ತರಷ್ಟು ಬೋರ್‌ವೆಲ್ ಕೊರೆಸಿ ನೀರಿನ ಮಟ್ಟವನ್ನು ಎಡೆಬಿಡದೆ ಅಳೆದರು. ಮೇಲೆ ಗಟ್ಟಿ ಕಲ್ಲಿನ ಮುಚ್ಚಳವಿದ್ದು ಕೆಳಗಿನ ಸೀಳಿನಲ್ಲಿ ನೀರು ಬಿಗಿಯಾಗಿ ಸೆರೆಯಾಗಿರುವ ಕೆಲವು ಬಾವಿಗಳಲ್ಲಿ ನೀರು ದಿನಕ್ಕೆರಡು ಸಲ ಚಂದ್ರನ ಸೆಳೆತಕ್ಕೆ ಸರಿಯಾಗಿ ಏರಿಳಿಯಿತು. ಬಂಡೆ ಕುಗ್ಗಿದಾಗ ಸೀಳು ಕಿರಿದಾಗಿ ನೀರು ಮೇಲಕ್ಕೆ ಒತ್ತಿಕೊಳ್ಳುತ್ತದೆ, ಹಿಗ್ಗಿದಾಗ ಇಳಿಯುತ್ತದೆ. ಎಣ್ಣೆ ತುಂಬಿದ ಸ್ಟೀಲ್ ಸಿಲಿಂಡರಿನ ಕೆಲಸವನ್ನು ಒಂದು ಬೋರ್‌ವೆಲ್ ಮಾಡುತ್ತದೆ, ಅಷ್ಟು ಸೂಕ್ಷ್ಮವಾಗಿ ಅಲ್ಲದಿದ್ದರೂ.

ಎಲ್ಲ ಬೋರೂ ಇದಕ್ಕೆ ಆಗುವುದಿಲ್ಲ. ಮೋಟಾರು ಓಡುತ್ತಿದ್ದರೆ ಆಗದು, ಪಕ್ಕದ ಹೊಲದ ಮೋಟಾರು ನೀರೆಳೆದರೂ ಆಗದು. ಗರಸಿನ ಭಾಗಕ್ಕೆ ಕೇಸಿಂಗ್ ಸರಿಯಾಗಿ ಕೂತು, ಮೇಲಿನ ನೀರು ನೇರ ಒಳಗೆ ಇಳಿಯದಂತೆ ಇರಬೇಕು. ಕುಷ್ಟಗಿ, ಯಲಬುರ್ಗಾ ಕಡೆ ನೀರು ಸಾಲದೆ ಕೈಬಿಟ್ಟು ಬಾಯಿಗೆ ಕಲ್ಲು ಮುಚ್ಚಿದ ಬೋರ್‌ಗಳಿಗೆ ಬರವಿಲ್ಲ. ಅವುಗಳಲ್ಲಿ ಬೇಸಾಯಕ್ಕೆ ಏನೇನೂ ಸಾಲದ, ಆದರೆ ಆಳದ ಸೀಳಿನಲ್ಲಿ ಸ್ವಲ್ಪ ನೀರು ಬಿಗಿದು ನಿಂತಿರುವ ಒಂದೆರಡನ್ನು ಹುಡುಕುವುದು ಭೂವಿಜ್ಞಾನ ವಿಭಾಗದ ವಿದ್ಯಾರ್ಥಿಗಳಿಗೆ ಅಸಾಧ್ಯದ ಕೆಲಸವಲ್ಲ. ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ ಈಗಾಗಲೇ ಇದೆ. ಬೇಕಾದದ್ದು ನೀರಿನ ಮಟ್ಟ ಹೇಳುವ ಒಂದು ಸೆನ್ಸರ್, ಒಂದು ಬ್ಯಾರೊಮೀಟರ್, ಮತ್ತು ನಾಲ್ಕಾರು ಮಳೆಗಾಲ ಬಿಡದೆ ಅಳೆಯುವ ತಾಳ್ಮೆ. 2015ರ ಲೇಖನ ಕೊನೆಗೆ ಕೇಳಿದ್ದೂ ಇದನ್ನೇ: ಸ್ಟ್ರೇನ್‌ಮೀಟರ್‌ಗಳು ಇರುವ ಜಾಗದಲ್ಲೇ ಮಳೆಮಾಪಕವೂ ನೀರಿನ ಮಟ್ಟದ ಸೆನ್ಸರೂ ಬೇಕು. ತೈವಾನಿನ ಬಂಡೆಗೆ ಮಳೆಯ ಒಂದು ಹೆಕ್ಟೊಪ್ಯಾಸ್ಕಲಿಗೆ 5.1 ನ್ಯಾನೊಸ್ಟ್ರೇನ್ ಎಂದು ಬರೆದಿಡಲು ಅವರಿಗೆ ಹನ್ನೆರಡು ವರ್ಷ ಹಿಡಿಯಿತು. ಯಲಬುರ್ಗಾದ ಕಲ್ಲಿನ ಸಂಖ್ಯೆಯನ್ನು ಆ ಜಾಗಕ್ಕೆ ತುಂಬಲು ಒಂದು ಹಳೆಯ ಬೋರಿನ ಬಾಯಿಕಲ್ಲು ಸರಿಸಿ ಶುರುಮಾಡಬಹುದು, ಈ ಸಲದ ಉತ್ತರೆಗೆ ಮುಂಚೆಯೇ.